ಜೌಗಿನ ಸಾಲು

ಎಡ್ವಿನ್ ಸಾಲು ಹೇಳತೊಡಗಿದಾಗ ಲ್ಯಾಂಟಿ ಮೌನ್ಸಿ ಬಗ್ಗಿ ಬೂಟಿನ ಲಾಡಿ ಕಟ್ಟಿಕೊಳ್ಳುತ್ತಿದ್ದ. ಆಗಲೇ ಕಟ್ಟಿಯಾಗಿದ್ದ ಲಾಡಿಯನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ತಲೆ ಎತ್ತಿದರೆ ಯಾರ ಮುಖವನ್ನಾದರೂ ನೋಡಬೇಕಾಗುತ್ತಿತ್ತು. ಉಣ್ಣೆ ಕತ್ತರಿಸುವುದಕ್ಕೆಂದು ಗುಡ್ಡದಿಂದ ಕುರಿ ಇಳಿಸುವ ದಿನ ಅದು. ಬೆಳಿಗ್ಗೆ ಅಂಗಳದಲ್ಲಿ ನಿಂತು, ಯಾರು ಗುಡ್ಡದ ಯಾವ ಪಟ್ಟೆಯಲ್ಲಿ ನಡೆದು ಬರಬೇಕು ಎಂದು ಒಬ್ಬರು ಹೇಳುವುದು, ಉಳಿದವರು ತಲೆಯಾಡಿಸುವುದು ವಾಡಿಕೆ. ಹೇಳುವುದೇನು ಬಂತು ಮಣ್ಣು, ಎಲ್ಲ ಗೊತ್ತಿದ್ದದ್ದೇ. ಎಡ್ವಿನ್ ಆಚೆ ದಿಣ್ಣೆಯ ಮೇಲೆ, ಅವನ ಮಗಳು ಹೆಸ್ಟರ್ ಮೇಲಿನ ಬಂಡೆಯಂಚಿನಲ್ಲಿ, ಜಾಸ್ ಫ್ಲೆಮಿಂಗ್ ಹಳ್ಳದ ಮಗ್ಗುಲಲ್ಲಿ, ನಡುವೆ ಬ್ಲೇಕ್‌ಮಾಸ್ ಗುಡ್ಡದ ಜೌಗಿನಲ್ಲಿ ಲ್ಯಾಂಟಿ. ಅವನಿಗಿಂತ ಮುಂಚೆ ಅಲ್ಲಿ ಅವನ ಅಪ್ಪ ನಡೆದಿದ್ದ, ಅಪ್ಪನಿಗಿಂತ ಮುಂಚೆ ಅಪ್ಪನ ಚಿಕ್ಕಪ್ಪ. ಸೊಂಟದವರೆಗೆ ನುಂಗುವ ಆ ಜೌಗಿನಲ್ಲಿ ನಡೆಯಲು ಬೇರೆಯವರು ಆಸೆಪಟ್ಟದ್ದೂ ಇಲ್ಲ, ಬೇರೆಯವರಿಗೆ ಕೊಡಲು ಮೌನ್ಸಿಗಳು ಒಪ್ಪಿದ್ದೂ ಇಲ್ಲ.

"ಭಾವ," ಎಂದ ಎಡ್ವಿನ್. ಲ್ಯಾಂಟಿಯ ತಂಗಿಯ ಗಂಡ ಅವನು. ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಂಡನೆಂದರೆ ಹೇಳಬಾರದ್ದನ್ನು ಹೇಳಲಿದ್ದಾನೆ ಎಂದೇ ಲೆಕ್ಕ. "ನೀವು ಈ ಸಲ ಕೆಳಗಡೆ ಗೋಡೆ ಕಿಂಡೀಲಿ ನಿಂತ್ಕೊಂಬಿಡಿ. ಅಲ್ಲೊಬ್ಬರು ಗಟ್ಟಿ ಆಳು ಬೇಕು."

"ಕಿಂಡೀಲಿ?" ಎಂದ ಲ್ಯಾಂಟಿ, ಲಾಡಿಯಿಂದ ಕೈ ತೆಗೆಯದೆ.

"ಹೂಂ. ಹೋದ್ಸಲ ಅಲ್ಲೇ ಅಲ್ವಾ ಕುರಿ ನುಗ್ಗಿದ್ದು."

"ಹೋದ್ಸಲ ನುಗ್ಗಿದ್ದು ಹಳ್ಳದ ಕಡೆಯಿಂದ. ಜಾಸ್ ಬಿಟ್ಟದ್ದು."

"ಅಯ್ಯೋ, ಬೆಳಿಗ್ಗೆ ಬೆಳಿಗ್ಗೆ ನನ್ನ ಹೆಸರು ಯಾಕಪ್ಪ ಎತ್ತೀಯ," ಎಂದ ಜಾಸ್. ಆದರೆ ಅದರಲ್ಲಿ ಅವನ ಎಂದಿನ ಜೋರು ಇರಲಿಲ್ಲ.

ಗೋಡೆಯ ಕಿಂಡಿಯಲ್ಲಿ ಕುರಿ ನುಸುಳದಂತೆ ಕೈ ಅಗಲಿಸಿ ನಿಲ್ಲುವುದು ಶಾಲೆಯ ಮಕ್ಕಳ, ಬಸುರಿಯರ, ಕಾಲು ಮುರಿದುಕೊಂಡವರ ಕೆಲಸ. ಎಡ್ವಿನ್‌ಗೆ ಎಷ್ಟು ಗೊತ್ತಾಗಿದೆ ಎಂದು ಲ್ಯಾಂಟಿ ತಿಳಿಯಬೇಕಿತ್ತು. ತಿಳಿಯಬೇಕಾದರೆ ಮುಖ ನೋಡಬೇಕು. ನೋಡಿದರೆ ಮುಖ ಇರುತ್ತಿರಲಿಲ್ಲ. ಹಸಿಗೋಡೆಗೆ ಹೆಬ್ಬೆರಳು ಒತ್ತಿದಂಥ ಒಂದು ಕಲೆ, ಎಲ್ಲಿ ದೃಷ್ಟಿ ನೆಟ್ಟರೆ ಅಲ್ಲಿ ಬಂದು ಕೂರುತ್ತಿತ್ತು. ಸುತ್ತ ಎಲ್ಲ ಕಾಣುತ್ತಿತ್ತು: ಎಡ್ವಿನ್‌ನ ಟೋಪಿ, ಕಿವಿ, ಅವನ ಹಿಂದಿನ ಕೊಟ್ಟಿಗೆಯ ಬಾಗಿಲು, ಬಾಗಿಲ ಬಳಿ ಒರಗಿ ನಿಂತ ಹೆಸ್ಟರ್‌ಳ ಹಳದಿ ಕೋಟು. ಬೇಕಾದ್ದೊಂದು ಬಿಟ್ಟು ಬೇಡದ್ದೆಲ್ಲ ಕಾಣುವ ಈ ಕಣ್ಣಿನ ಬಗ್ಗೆ ಅವನಿಗೆ ದುಃಖಕ್ಕಿಂತ ಹೆಚ್ಚಾಗಿ ಸಿಟ್ಟಿತ್ತು. "ಜೌಗಿನ ಸಾಲು ನಂದು," ಎಂದ. ಎದ್ದು ಕೋಲು ತೆಗೆದುಕೊಂಡ. ಎಡ್ವಿನ್, "ನಿಮ್ಮಿಷ್ಟ ಭಾವ," ಎಂದ. ಅಷ್ಟು ಸುಲಭವಾಗಿ ಒಪ್ಪಿದ್ದು ಲ್ಯಾಂಟಿಗೆ ಸರಿಬರಲಿಲ್ಲ. ನಾಯಿ ಬೆಸ್ ಬಂದು ಅವನ ಮೊಣಕಾಲಿಗೆ ಮೂತಿ ಒತ್ತಿತು. ಅವನು ಯಾರಿಗೂ ಕಾಯದೆ ಹೊರಟ.

ಹೊಸ ಬೂಟು ಕಚ್ಚುತ್ತಿತ್ತು. ಕಚ್ಚಲಿ, ಸುಳ್ಳಿನ ಬೂಟು ಕಚ್ಚದೆ ಇರುತ್ತದೆಯೇ. ಪಟ್ಟಣದ ಕಣ್ಣಿನ ಡಾಕ್ಟರ ಬಳಿ ಹೋದ ದಿನ ಅವನು ಹೆಂಡತಿ ಆನಸ್‌ಳ ಬಳಿ, ಬೂಟು ಕೊಳ್ಳಲು ಹೋಗುತ್ತೇನೆ ಎಂದು ಹೇಳಿದ್ದ. ಹೇಳಿದ ಮೇಲೆ ಕೊಳ್ಳಲೇಬೇಕಾಯಿತು. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ, ಅವಳ ಕೈಯಿಂದ ಸೋಪಿನ ವಾಸನೆ ಬರುತ್ತಿತ್ತು; ಗೋಡೆಯ ಮೇಲಿನ ಅಕ್ಷರ ಓದಿ ಎಂದಳು, ಅವನು ಯಾವ ಗೋಡೆ ಎಂದು ಕೇಳಬೇಕಾಯಿತು. ಹೋದ ದೃಷ್ಟಿ ಮರಳುವುದಿಲ್ಲ, ಆದರೆ ಪೂರ್ತಿ ಕತ್ತಲೆಯೂ ಆಗುವುದಿಲ್ಲ, ಅಂಚು ಉಳಿಯುತ್ತದೆ ಎಂದಳು. ಅಂಚು ಉಳಿಯುತ್ತದೆ ಎಂದಾಗ ಅವಳ ದನಿ ಉಡುಗೊರೆ ಕೊಡುವವರ ದನಿಯಾಗಿತ್ತು. ಗಾಡಿ ಓಡಿಸಬೇಡಿ, ಏಣಿ ಹತ್ತಬೇಡಿ, ಮನೆಯವರಿಗೆ ಹೇಳಿ. ಅವನು ಎಲ್ಲಕ್ಕೂ ಹೂಂ ಎಂದು ಹೊರಗೆ ಬಂದು ಸಿಕ್ಕ ಅಂಗಡಿಯಲ್ಲಿ ಸಿಕ್ಕ ಬೂಟು ಹಿಡಿದು ಬಸ್ಸು ಹತ್ತಿದ. "ನಿನ್ನ ಕಾಲಿನ ಅಳತೆ ನಿನಗೇ ಮರೆತುಹೋಯ್ತೇನೋ," ಎಂದಿದ್ದಳು ಆನಸ್, ಬೂಟಿನೊಳಗೆ ಕೈಯಿಟ್ಟು ನೋಡಿ. ಅವನು ಹೌದೆಂದ. ಆಮೇಲೆ ಬಹಳ ಹೊತ್ತು ಅವಳು ಆ ಬೂಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ಅಥವಾ ಹಾಗೆ ಅವನಿಗೆ ಕಂಡಿತು. ಈಗೀಗ ಕಂಡದ್ದಕ್ಕೂ ಅಂದುಕೊಂಡದ್ದಕ್ಕೂ ನಡುವಿನ ಗೋಡೆ ಬಿದ್ದುಹೋಗಿತ್ತು.

ಗೋಡೆ ಮುಗಿದು ಗುಡ್ಡ ಶುರುವಾಗುವಲ್ಲಿ ನೆಲ ಮೆತ್ತಗಾಯಿತು. ಇಲ್ಲಿಂದ ಮುಂದೆ ಕಣ್ಣಿನ ಹಂಗಿಲ್ಲ ಎಂದುಕೊಂಡ. ಇಲ್ಲಿ ನಡೆಯುವುದು ಅಂಗಾಲು. ಹಸುರು ಕಂಡಲ್ಲಿ ಕಾಲಿಡಬೇಡ, ಕಂದು ಕಂಡಲ್ಲಿ ಇಡು ಎಂದು ಅಪ್ಪ ಅವನ ಕೊರಳಪಟ್ಟಿ ಹಿಡಿದುಕೊಂಡೇ ಹೇಳುತ್ತಿದ್ದ. ಮಿರಿಮಿರಿ ಹೊಳೆಯುವ ಹಸುರು ಪಾಚಿಯ ಕೆಳಗೆ ತಳವಿಲ್ಲ. ಜೊಂಡಿನ ಬುಡ ಗಟ್ಟಿ, ಕರಿಮಣ್ಣಿನ ಗೋಡೆ ಮೋಸ, ನೀರು ಹರಿಯುವ ಸದ್ದಿದ್ದರೆ ಕೆಳಗೆ ಕಲ್ಲಿದೆ, ಸದ್ದಿಲ್ಲದ ನೀರಿನ ಹತ್ತಿರ ಹೋಗಬೇಡ. ಒಮ್ಮೆ ಅಪ್ಪ ಬೇಕೆಂದೇ ಕೊರಳಪಟ್ಟಿ ಬಿಟ್ಟ. ಲ್ಯಾಂಟಿ ತೊಡೆಯವರೆಗೆ ಹೂತು, ಕಿರುಚಿ, ಅತ್ತು, ಕೊನೆಗೆ ಜೊಂಡು ಹಿಡಿದು ತಾನೇ ಮೇಲೆ ಬಂದ. ಅಲ್ಲಿಯವರೆಗೆ ಅಪ್ಪ ಪೈಪು ಹಚ್ಚಿಕೊಂಡು ಹೆಲ್ವೆಲಿನ್ ಬೆಟ್ಟದ ಮೇಲಿನ ಮೋಡ ನೋಡುತ್ತ ನಿಂತಿದ್ದ. ಈಗ ಕೋಲು ಊರಿದಲ್ಲೆಲ್ಲ ಬುಳಕ್ ಬುಳಕ್ ಎಂದಿತು. ಬೂಟಿನೊಳಗೆ ತಣ್ಣಗೆ ನೀರು ಬಂತು. ಪುಸ್ತಕ ಹಿಡಿದುಕೊಂಡು ಗುಡ್ಡ ಹತ್ತುವ ಪೇಟೆಯ ಜನ ಬ್ಲೇಕ್‌ಮಾಸ್‌ಗೆ ಬರುವುದು ಕಡಿಮೆ. ಬಂದವರು ಎರಡನೇ ಸಲ ಬರುವುದಿಲ್ಲ. ಎತ್ತರವಿಲ್ಲ, ಚೂಪಿಲ್ಲ, ಹೆಸರಿಲ್ಲ, ಬರೀ ನೀರು ಕುಡಿದ ಗುಡ್ಡ. ಆದರೆ ಅದರ ನೆತ್ತಿಯ ಮೇಲೆ ನಿಂತರೆ ಸೀಮೆಯ ದೊಡ್ಡ ಬೆಟ್ಟಗಳೆಲ್ಲ ಸುತ್ತ ಕೂತು ನಮ್ಮ ಕಡೆಗೇ ತಿರುಗಿ ನೋಡುತ್ತವೆ ಎಂದು ಮದುವೆಯಾದ ಹೊಸತರಲ್ಲಿ ಆನಸ್ ಹೇಳಿದ್ದಳು. ಅವತ್ತು ಅವಳು ಬೂಟು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಬಂದಿದ್ದಳು. ಅವಳ ಮುಖ ಹೇಗಿತ್ತು ಎಂದು ನೆನೆಸಿಕೊಳ್ಳಲು ಹೋದ. ಆ ನೆನಪಿನ ನಡುವೆಯೂ ಹೆಬ್ಬೆರಳಿನ ಗುರುತು ಬಂದು ಕೂತಿತ್ತು. ಅವನಿಗೆ ಭಯವಾಯಿತು. ನಾಯಿಯನ್ನು ಸುಮ್ಮನೆ ಒಂದು ಸಲ ಹೆಸರು ಹಿಡಿದು ಕರೆದ.

ಎಷ್ಟು ಜನಕ್ಕೆ ಗೊತ್ತಾಗಿರಬಹುದು. ಹೋದ ತಿಂಗಳು ಅಂಗಡಿಯ ಮುಂದಿನ ಕೆಂಪು ಅಂಚೆಡಬ್ಬಿಗೆ ಟೋಪಿ ತೆಗೆದು, "ಹೇಗಿದ್ದೀರಮ್ಮಾ," ಎಂದು ಕೇಳಿದ್ದ, ಪಾದ್ರಿಯ ಹೆಂಡತಿ ಮಳೆಕೋಟು ಹಾಕಿಕೊಂಡು ನಿಂತಿದ್ದಾಳೆಂದು. ಉತ್ತರ ಬಾರದ್ದಕ್ಕೆ ಏನು ಸೊಕ್ಕಪ್ಪ ಇವಳಿಗೆ ಎಂದು ಬೈದುಕೊಂಡು ನಾಲ್ಕು ಹೆಜ್ಜೆ ಹೋದ ಮೇಲೆ ಹೊಳೆದಿತ್ತು. ಅಂಗಡಿಯೊಳಗೆ ಯಾರೋ ಕೆಮ್ಮಿದ್ದರು. ನಕ್ಕಿದ್ದರೆ ಚೆನ್ನಾಗಿತ್ತು, ಕೆಮ್ಮಿದ್ದರು. ಗೊತ್ತಾದರೆ ಏನಾಗುತ್ತದೆ ಎಂಬುದು ಅವನಿಗೆ ಸ್ಪಷ್ಟವಿತ್ತು. ಯಾರೂ ಓಡಿಸುವುದಿಲ್ಲ. ಒಳ್ಳೆಯ ಮಾತಿನಲ್ಲೇ ಒಂದೊಂದಾಗಿ ತೆಗೆದುಕೊಳ್ಳುತ್ತಾರೆ: ಮೊದಲು ಜೌಗಿನ ಸಾಲು, ಆಮೇಲೆ ನಾಯಿ, ಆಮೇಲೆ ಕುರಿ. ಈ ಗುಡ್ಡದ ಕುರಿ ಗುಡ್ಡಕ್ಕೇ ಸೇರಿದ್ದು. ತಾಯಿ ಮೇದ ಜಾಗದಲ್ಲೇ ಮರಿ ಮೇಯುತ್ತದೆ, ಬೇಲಿಯಿಲ್ಲದಿದ್ದರೂ ಆಚೆ ಹೋಗುವುದಿಲ್ಲ. ಆಚೆ ಹೋಗಬೇಕಾದವನು ಮನುಷ್ಯ. ಪಟ್ಟಣದಂಚಿನಲ್ಲಿ, ಮುದುಕರಿಗೆಂದೇ ಕಟ್ಟಿದ, ಮೆಟ್ಟಿಲಿಲ್ಲದ ಸಾಲುಮನೆಗಳಲ್ಲೊಂದರಲ್ಲಿ ತಾನು ಕಿಟಕಿಯ ಪಕ್ಕ ಕೂತಿರುವುದು ಅವನಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಅದೊಂದು ಮಾತ್ರ ಕಲೆಯಿಲ್ಲದೆ ಕಂಡಿತು. ಸಾಲು ಹೋದರೆ ಗುಡ್ಡ ಹೋಯಿತು, ಗುಡ್ಡ ಹೋದರೆ ತಾನು ಇಂಥವನೆಂದು ಹೇಳಿಕೊಳ್ಳಲು ಅವನ ಬಳಿ ಬೇರೇನೂ ಇರಲಿಲ್ಲ. ಇವತ್ತೊಂದು ದಿನ ಸರಿಯಾಗಿ ಇಳಿಸಿಬಿಟ್ಟರೆ ಶರತ್ಕಾಲದವರೆಗೆ ಯಾರೂ ಕೇಳುವುದಿಲ್ಲ.

ನೆತ್ತಿಯ ಕಲ್ಲುಗುಪ್ಪೆಯ ಹತ್ತಿರ ಇಬ್ಬರು ನಿಂತಿದ್ದರು. ಗಂಡಸು, ಹೆಂಗಸು, ಇಬ್ಬರ ಕಾಲಿಗೂ ಮೊಣಕಾಲವರೆಗೆ ಕೆಸರು ಎಂಬುದು ದನಿಯಲ್ಲೇ ಗೊತ್ತಾಯಿತು. "ಇಲ್ಲಿ ಒಣಗಿರೋ ಜಾಗ ಅಂತ ಏನಾದ್ರೂ ಇದ್ಯಾ ಸರ್?" ಎಂದು ಗಂಡಸು ಕೇಳಿದ. "ಇದೆ, ನೀವು ನಿಂತಿರೋ ಕಲ್ಲು," ಎಂದ ಲ್ಯಾಂಟಿ. ಅವರು ನಕ್ಕರು. ನಗಿಸಿದ್ದು ಅವನಿಗೆ ಹಿತವೆನಿಸಿತು. ಹೆಂಗಸು ಹತ್ತಿರ ಬಂದು, "ನೀವು ಇಲ್ಲಿಯವರೇ ಅಲ್ವಾ? ಇಲ್ಲಿಂದ ಕಾಣೋ ಬೆಟ್ಟಗಳ ಹೆಸರು ಹೇಳ್ತೀರಾ?" ಎಂದಳು. ಸಾಲಿನಲ್ಲಿ ತನ್ನ ಜಾಗ ಮುಟ್ಟಲು ಇನ್ನೂ ಹೊತ್ತಿತ್ತು. ಅವನು ಕಲ್ಲುಗುಪ್ಪೆಗೆ ಬೆನ್ನು ಕೊಟ್ಟು ಕೋಲೆತ್ತಿದ. ಗಾಳಿ ಎಡಗೆನ್ನೆಗೆ ಬಡಿಯುತ್ತಿತ್ತು, ಅಂದರೆ ಎದುರಿಗಿರುವುದು ಪಡುವಣ. "ಅಗೋ, ಗೋಪುರದ ಥರ ಒಂಟಿಯಾಗಿ ನಿಂತಿದೆಯಲ್ಲ, ಅದು ಗ್ರೇಟ್ ಗೇಬಲ್. ಅದರ ಎಡಕ್ಕೆ ಗುಂಪಾಗಿರೋದು ಸ್ಕಾಫೆಲ್, ಈ ದೇಶದಲ್ಲಿ ಅದಕ್ಕಿಂತ ಎತ್ತರ ಇಲ್ಲ. ಬಲಕ್ಕೆ ದೂರದಲ್ಲಿ ಸ್ಕಿಡ್ಡಾ, ಬಿಸಿಲಲ್ಲಿ ನೇರಳೆ ಕಾಣತ್ತೆ ನೋಡಿ. ಬೆನ್ನ ಹಿಂದೆ ಹೆಲ್ವೆಲಿನ್, ಅದರ ತಲೆ ಮೇಲೆ ಜೂನ್‌ನಲ್ಲೂ ಒಂದು ಹಿಡಿ ಹಿಮ ಉಳಿದದ್ದನ್ನ ನಮ್ಮಪ್ಪ ನೋಡಿದ್ದ." ಒಂದೊಂದು ಹೆಸರು ಹೇಳುವಾಗಲೂ ಅದರ ಅಂಚು, ಅದರ ಇಳಿಜಾರು, ಸಂಜೆ ಅದರ ನೆರಳು ಬೀಳುವ ಬಗೆ ಎಲ್ಲ ಒಳಗೆ ಎದ್ದು ನಿಂತವು. ಎಷ್ಟೋ ದಿನದ ಮೇಲೆ ಅವನಿಗೆ ಎದೆ ಹಗುರವಾಯಿತು.

 ಆಮೇಲೆ ಗಂಡಸು ಮೆಲ್ಲಗೆ, "ನಮಗೆ ಎಲ್ಲಾ ಬರೀ ಬಿಳಿ ಕಾಣ್ತಿದೆ," ಎಂದ. ಹೆಂಗಸು ಅವನ ತೋಳು ಹಿಡಿದಿರಬೇಕು, ಬಟ್ಟೆ ಸರಸರ ಎಂದಿತು. "ಮೋಡ ಈಗಷ್ಟೇ ಮುಚ್ಕೊಳ್ತು," ಎಂದಳು ಅವಳು ಬೇಗ ಬೇಗ. "ಆಗ ಕಾಣಿಸ್ತಿತ್ತು. ತುಂಬಾ ಚೆನ್ನಾಗಿ ಹೇಳಿದ್ರಿ. ಥ್ಯಾಂಕ್ಸ್." ಅವನ ಕಣ್ಣಿನ ನಡುವಿನ ಬಿಳುಪು ಯಾವುದು, ಗೇಬಲ್ ಮೇಲಿನ ಮೋಡ ಯಾವುದು ಎಂದು ಅವನಿಗೆ ಗೊತ್ತಾಗಿರಲಿಲ್ಲ. ಎತ್ತಿದ ಕೋಲನ್ನು ಹೇಗೆ ಇಳಿಸಬೇಕೆಂದೂ ಗೊತ್ತಾಗಲಿಲ್ಲ. ಅವರು ಹೋದರು. ಒಳ್ಳೆಯ ಜನ. ಮುಂದೆ ಹೋಗಿ ಏನು ಮಾತಾಡಿಕೊಳ್ಳುತ್ತಾರೆಂದು ಅವನಿಗೆ ಗೊತ್ತಿತ್ತು: ಪಾಪ. ಆ ಪದ ಬೆನ್ನಿಗೆ ಬಂದು ಬೀಳುವ ಮೊದಲೇ ಕೆಳಗಿಳಿಯಬೇಕೆಂದು ಅವನು ಜೌಗಿನ ಕಡೆ ಬಿರಬಿರನೆ ನಡೆದ. ಜಾರಿ, ಒಂದು ಮಂಡಿ ಊರಿ, ಎದ್ದ. ನಾಯಿ ನಿಂತು ಕಾಯಿತು.

ಆಚೆ ದಿಣ್ಣೆಯಿಂದ ಎಡ್ವಿನ್‌ನ ಕೂಗು ಬಂತು, ಹಳ್ಳದಿಂದ ಜಾಸ್‌ನ ಕೂಗು. ಸಾಲು ಕೂಡಿತು. ಇನ್ನು ಎಲ್ಲರೂ ಒಂದೇ ಹದದಲ್ಲಿ ಕೆಳಗೆ ನಡೆಯಬೇಕು, ಕುರಿಗಳನ್ನು ಮುಂದಕ್ಕೆ ಹಾಕಿಕೊಂಡು. ಒಬ್ಬ ನಿಂತರೆ, ಒಬ್ಬ ತಪ್ಪಿದರೆ, ಅಲ್ಲೇ ತೂತು. ಕುರಿಗೆ ಆ ತೂತು ಮನುಷ್ಯನಿಗಿಂತ ಮೊದಲು ಗೊತ್ತಾಗುತ್ತದೆ. ಲ್ಯಾಂಟಿಯೂ ಕೂಗಿದ, ತನ್ನ ದನಿ ತನಗೇ ಗಟ್ಟಿಯಾಗಿ ಕೇಳಿಸಿತು. ನೇರ ನೋಡದೆ, ತಲೆಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿ, ಎಡಗಣ್ಣಿನ ಅಂಚಿನಿಂದ ಜೌಗನ್ನು ಹುಡುಕಿದ. ಕದ್ದು ನೋಡಿದರೆ ಮಾತ್ರ ಕಾಣುವ ಲೋಕ. ಕೆಳಗೆ, ಹಳೆಯ ಕರಿಮಣ್ಣಿನ ಅಗೆತದ ಆಚೆ, ಬಿಳಿಯಾಗಿ ಚೆದುರಿ ಏನೋ ಅಲ್ಲಾಡಿತು. ಅಲ್ಲೇ ಅವು ಇರುವುದು, ಪ್ರತಿ ವರ್ಷವೂ. ಮಳೆ ಬಿಸಿಲಿಗೆ ಬಿಳಿಚಿದ ಉಣ್ಣೆ, ಕತ್ತರಿಸುವ ಮುಂಚಿನ ದಿನಗಳಲ್ಲಿ ದೂರದಿಂದ ಹಾಗೇ ಕಾಣುವುದು. ಅವನ ಮೈ ಬಿಸಿಯಾಯಿತು. ಎರಡು ಬೆರಳು ಬಾಯಿಗಿಟ್ಟು ಎಡಕ್ಕೆ ಸುತ್ತಿ ಹೋಗೆಂದು ಶಿಳ್ಳೆ ಹೊಡೆದ.

ಬೆಸ್ ನಾಲ್ಕು ಹೆಜ್ಜೆ ಓಡಿ ನಿಂತಿತು. ತಿರುಗಿ ನೋಡಿತು. ಹೀಗೆ ಅದು ಯಾವತ್ತೂ ಮಾಡಿದ್ದಿಲ್ಲ.

"ಹೋಗು," ಎಂದ.

ನಾಯಿ ಕದಲಲಿಲ್ಲ. ಬಲಗಡೆಗೆ ಒಮ್ಮೆ ಮೂತಿ ತಿರುಗಿಸಿತು, ಮತ್ತೆ ಅವನನ್ನು ನೋಡಿತು. ಮೇಲೆ ಹೆಸ್ಟರ್ ಇದ್ದಾಳೆ, ನೋಡುತ್ತಿದ್ದಾಳೆ, ನಾಯಿ ಮಾತು ಕೇಳುತ್ತಿಲ್ಲ ಎಂದುಕೊಳ್ಳುತ್ತಾಳೆ. ಅವನಿಗೆ ಸಿಟ್ಟು ನೆತ್ತಿಗೇರಿತು. "ಬೆಸ್! ಹೋಗಂದ್ರೆ ಹೋಗೇ, ಮುಂಡೇದೇ!" ಎಂದು ಕೂಗಿದ. ಅಂಥ ಮಾತನ್ನು ಅವನು ಆ ನಾಯಿಗೆ ಆಡಿದವನಲ್ಲ. ಅದು ತಲೆ ತಗ್ಗಿಸಿ ಹೋಯಿತು. ಹಸುರು ಪಾಚಿಯ ನಡುವೆ ಅದು ಹೊಟ್ಟೆಯವರೆಗೆ ಹೂತು, ಈಜಿ, ಎದ್ದು, ಮತ್ತೆ ಹೂತು ಹೋಗುವ ಸದ್ದು ಕೇಳಿಸಿತು. ದೊಡ್ಡ ಸುತ್ತು ಹಾಕಿ ಆ ಬಿಳಿಯ ಹಿಂದಕ್ಕೆ ಹೋಗಿ ಮಲಗಿತು, ಕಲಿಸಿದ ಹಾಗೇ. ಅವನು ಮುಂದಕ್ಕೆ ತಾ ಎಂದು ಶಿಳ್ಳೆ ಹೊಡೆದ. ನಾಯಿ ಎದ್ದು, ಬಗ್ಗಿ, ಹೆಜ್ಜೆಹೆಜ್ಜೆಯಾಗಿ ಮುಂದೆ ಬಂತು. ಬಿಳಿ ಮಾತ್ರ ಇದ್ದಲ್ಲೇ ಇತ್ತು. ಗಾಳಿಗೆ ಬಾಗಿತು, ಗಾಳಿ ನಿಂತಾಗ ನೆಟ್ಟಗಾಯಿತು. ಹತ್ತಿಹುಲ್ಲು. ಬೇಸಿಗೆಯ ಜೌಗಿನ ತುಂಬ ಅರಳುವ, ಊರಿನ ಮಕ್ಕಳು ಗೊಂಬೆಗೆ ದಿಂಬು ಮಾಡುವ ಹತ್ತಿಹುಲ್ಲು. ಆದರೂ ನಾಯಿ ಆಚೀಚೆ ಸರಿಯುತ್ತ, ತಪ್ಪಿಸಿಕೊಳ್ಳುವ ಕುರಿಯನ್ನು ಒಳಕ್ಕೆ ಸೇರಿಸುವಂತೆ ಸೇರಿಸುತ್ತ, ಏನೂ ಇಲ್ಲದ್ದನ್ನು ಅವನ ಕಾಲ ಬುಡದವರೆಗೆ ಅಟ್ಟಿಕೊಂಡು ಬಂದು, ಮೈಯೆಲ್ಲ ಕರಿಕೆಸರಾಗಿ, ಅವನೆದುರು ಮಲಗಿತು.

ಆಗಲೇ ಬಲಗಡೆ, ಅದು ಮೂತಿ ತಿರುಗಿಸಿದ್ದ ಕಡೆ, ನೀರಿನಲ್ಲಿ ಗೊರಸುಗಳ ಸದ್ದು. ಒಂದಲ್ಲ, ಹಿಂಡು. ಮರಿಗಳ ಅರಚಾಟ. ಕಣ್ಣಂಚಿನಲ್ಲಿ ಏನೋ ಮೇಲ್ಮುಖವಾಗಿ ಹರಿಯುತ್ತಿತ್ತು. ತಿರುಗಿ ನೋಡಿದ, ಇಲ್ಲ. ಮುಖ ಹೊರಳಿಸಿದ, ಹರಿಯುತ್ತಿದೆ. ಮೇಲಿಂದ ಹೆಸ್ಟರ್ ಮೊದಲಿನಿಂದಲೂ ಕೂಗುತ್ತಿದ್ದಿರಬೇಕು, ಈಗ ಕೇಳಿಸಿತು: "ಮಾವಾ! ಬಲಕ್ಕೆ! ಬಲಕ್ಕೆ ಮಾವಾ!" ಅವನು ಬಲಕ್ಕೆ ಓಡಿದ, ಬಿದ್ದ. ಅವನ ಕುರಿಗಳೆಲ್ಲ ಅವನನ್ನು ದಾಟಿ ಗುಡ್ಡದ ನೆತ್ತಿಗೆ ಹೋದವು. ಹೆಸ್ಟರ್ ಕೂಗುವುದನ್ನು ನಿಲ್ಲಿಸಿದಳು. ಅವನು ಕೆಸರಿನಲ್ಲಿ ಕೂತು ನಾಯಿಯ ಒದ್ದೆ ತಲೆಯ ಮೇಲೆ ಕೈಯಿಟ್ಟ.  ನಾಚಿಕೆಯಿಂದ ಅವನ ಕಿವಿ ಉರಿಯುತ್ತಿತ್ತು.

ದೊಡ್ಡಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಕತ್ತರಿ ಯಂತ್ರ ಗುಂಯ್ಗುಡುತ್ತಿತ್ತು. ಎಡ್ವಿನ್‌ನ ಕುರಿ, ಜಾಸ್‌ನ ಕುರಿ ಎಲ್ಲ ಇಳಿದಿದ್ದವು. ಜೌಗಿನ ಕುರಿ ಮಾತ್ರ ಇರಲಿಲ್ಲ. ಲ್ಯಾಂಟಿ ಉಣ್ಣೆ ಸುತ್ತುವ ಹಲಗೆಯ ಬಳಿ ನಿಂತು ಕಾಯುತ್ತಿದ್ದ. ಸಾಲು ತಪ್ಪಿಸಿದವನನ್ನು ಆ ದಿನವಿಡೀ ಹರಿದು ತಿನ್ನುವುದು ಇಲ್ಲಿನ ಪದ್ಧತಿ. ಹೋದ ವರ್ಷ ಜಾಸ್‌ಗೆ ಗೇಟು ಎಂದು ಹೆಸರಿಟ್ಟು, ಅವನು ಹೋದಲ್ಲೆಲ್ಲ ಯಾರಾದರೊಬ್ಬರು ಕಿರ್ರ್ ಎಂದು ಬಾಗಿಲು ತೆರೆಯುವ ಸದ್ದು ಮಾಡಿ, ಅವನ ಹೆಂಡತಿಯೂ ಮಾಡಿ, ಕೊನೆಗೆ ಅವನೇ ಒಳಗೆ ಬರುವಾಗ ಕಿರ್ರ್ ಎನ್ನತೊಡಗಿದ್ದ. ಬೈಗುಳ ತಿಂದವನು ಸಂಜೆಯೊಳಗೆ ಮತ್ತೆ ಹತ್ತಬೇಕು, ಬಿಟ್ಟವನೇ ತರಬೇಕು. ಅಲ್ಲಿಗೆ ಲೆಕ್ಕ ಚುಕ್ತಾ. ಲ್ಯಾಂಟಿ ಬೈಗುಳಕ್ಕೆ ಮೈಯೊಡ್ಡಿ ನಿಂತಿದ್ದ. ಬರಲಿಲ್ಲ. ಜಾಸ್ ಒಂದು ಕುರಿಯನ್ನು ಅಂಗಾತ ಕೆಡವಿಕೊಂಡು, "ನಾಳೆ ಮಳೆ ಅಂತೆ," ಎಂದ. "ಗಾಳಿ ಹಂಗೇ ಇದೆ," ಎಂದ ಎಡ್ವಿನ್.  ಆಮೇಲೆ ಎಡ್ವಿನ್ ಗಂಟಲು ಸರಿಮಾಡಿಕೊಂಡ.

"ಇರ್ಲಿ ಬಿಡಿ ಭಾವ. ಮುಂದಿನ ವಾರ ನಾನು, ಹೆಸ್ಟರ್ ಹೋಗಿ ಇಳಿಸ್ಕೊಂಡು ಬರ್ತೀವಿ. ನೀವ್ಯಾಕೆ ತ್ರಾಸ ತಗೋತೀರಿ."

ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ ಮಾಡಿದವನಿಗೆ ಇಷ್ಟು ಮೆತ್ತನೆಯ ಮಾತು! ಸತ್ತವರ ಮನೆಯಲ್ಲಿ ಆಡುವ ದನಿ ಅದು. ತನಗೆ ಗೇಟು ಎಂಬ ಹೆಸರು ಕೂಡ ಇಡದಷ್ಟು ತಾನು ದೂರ ಹೋಗಿಬಿಟ್ಟಿದ್ದೇನೆ ಎಂದು ಲ್ಯಾಂಟಿಗೆ ಹೊಳೆಯಿತು. ಅಷ್ಟರಲ್ಲಿ ಆನಸ್ ಟೀ ತಂದಳು. ಎಲ್ಲರೂ ತಟ್ಟೆಯಿಂದ ತಾವೇ ಎತ್ತಿಕೊಂಡರು. ಅವನ ಹತ್ತಿರ ಬಂದಾಗ ಅವಳು ತಟ್ಟೆಯನ್ನು ಕೆಳಗಿಟ್ಟು, ಲೋಟವನ್ನು ಕೈಗೆತ್ತಿಕೊಂಡು, ಅದರ ಹಿಡಿ ಅವನ ಬೆರಳಿಗೆ ತಾಗುವಂತೆ ತಿರುಗಿಸಿ, ಅವನು ಹಿಡಿದದ್ದು ಖಾತ್ರಿಯಾಗುವವರೆಗೆ ಕಾದು, ಬಿಟ್ಟಳು. ಅದರಲ್ಲಿ ಹೊಸದೇನೂ ಇರಲಿಲ್ಲ. ಚಳಿಗಾಲದಿಂದ ಪ್ರತಿ ಬೆಳಿಗ್ಗೆ, ಪ್ರತಿ ಸಂಜೆ ಲೋಟದ ಹಿಡಿ ತಾನಾಗಿ ತನ್ನ ಬೆರಳಿಗೆ ಬಂದು ಸಿಗುತ್ತಿತ್ತಲ್ಲ. ಅವನು ಅದನ್ನು ತನ್ನ ಜಾಣತನವೆಂದುಕೊಂಡಿದ್ದ.

"ಯಾವಾಗಿಂದ?" ಎಂದು ಕೇಳಿದ, ಅವಳಿಗೆ ಮಾತ್ರ ಕೇಳುವಂತೆ.

"ಬೂಟು ತಂದೆಯಲ್ಲ, ಅದಕ್ಕೂ ಮುಂಚೆ," ಎಂದಳು ಆನಸ್. "ನೀನು ಹೇಳ್ತೀಯ ಅಂತ ಕಾದೆ. ಕುಡಿ, ಆರತ್ತೆ."

ಅವಳ ದನಿಯಲ್ಲಿ ಸಿಟ್ಟಿತ್ತು. ಅಷ್ಟು ದಿನ ಒಬ್ಬಳೇ ಹೊತ್ತದ್ದರ ಸಿಟ್ಟು. ಅವನು ಕುಡಿಯಲಿಲ್ಲ. ಲೋಟವನ್ನು ಹಲಗೆಯ ಮೇಲಿಟ್ಟ, ಅಂಚಿನಾಚೆ ಇಟ್ಟ. ಅದು ಬಿದ್ದು ಒಡೆಯಿತು. ಯಂತ್ರ ನಿಂತಿತು. ಎಲ್ಲರೂ ತನ್ನ ಕಡೆ ತಿರುಗಿದರೆಂದು ಅವನಿಗೆ ಗೊತ್ತಾಯಿತು. ಇನ್ನು ಬಚ್ಚಿಡುವುದಕ್ಕೆ ಏನುಳಿದಿದೆ.

"ನನಗೆ ಕಣ್ಣು ಕಾಣಲ್ಲ," ಎಂದ ಗಟ್ಟಿಯಾಗಿ, ಗುಡ್ಡದ ಮೇಲೆ ಕೂಗುವ ದನಿಯಲ್ಲಿ. "ನೇರ ನೋಡಿದ್ದು ಕಾಣಲ್ಲ. ಬೆಳಿಗ್ಗೆ ನಾಯೀನ ಹತ್ತಿಹುಲ್ಲಿನ ಮೇಲೆ ಬಿಟ್ಟೆ. ಅದು ಬೇಡ ಅಂತು, ಬೈದು ಕಳಿಸಿದೆ. ಹೆಸ್ಟರ್ ನೋಡಿದಾಳೆ. ಮುಂದಿನ ವಾರ ಎಡ್ವಿನ್ ಯಾಕೆ ತರಬೇಕು? ಬಿಟ್ಟವನು ನಾನು."

 ಆಮೇಲೆ ಜಾಸ್ ಕುರಿಯ ಹೊಟ್ಟೆಯ ಮೇಲಿಂದ ತಲೆಯೆತ್ತಿ, ಅಳುಕುತ್ತಲೇ ಬಾಯಿಬಿಟ್ಟ.

"ಅಲ್ಲ ಕಣೋ ಲ್ಯಾಂಟಿ, ಹತ್ತಿಹುಲ್ಲು ಎಷ್ಟು ಇಳಿಸ್ದೆ? ದೊಡ್ಡೀಲಿ ಜಾಗ ಇದೆ, ತಂದು ಹಾಕು. ಅದರ ಉಣ್ಣೆ ನಾನು ಕತ್ತರಿಸ್ತೀನಿ."

"ನಿನ್ನ ಟಗರಿಗಿಂತ ಅದರ ಉಣ್ಣೇನೇ ವಾಸಿ," ಎಂದ ಲ್ಯಾಂಟಿ. 

"ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಲೇಸು ಅಂತಾರೆ. ನೀನು ಎರಡಕ್ಕೂ ಸಲ್ಲಲಿಲ್ಲವಲ್ಲೋ!" ಎಂದ ಜಾಸ್.

ಮೊದಲು ನಕ್ಕವಳು ಆನಸ್. ಆಮೇಲೆ ಎಡ್ವಿನ್, ಬೇಡಬೇಡವೆಂದುಕೊಂಡೇ. ದೊಡ್ಡಿಗೆ ದೊಡ್ಡಿಯೇ ನಕ್ಕಿತು. ಲ್ಯಾಂಟಿ ಆ ನಗುವಿನ ನಡುವೆ ನಿಂತು ಉಸಿರು ಬಿಟ್ಟ. ಎಷ್ಟು ತಿಂಗಳಿಂದ ಹಿಡಿದದ್ದೋ. ಹೆಸ್ಟರ್ ಮಾತ್ರ ನಗಲಿಲ್ಲ. ಕೋಟಿನ ಗುಂಡಿ ಹಾಕಿಕೊಳ್ಳುತ್ತ, "ನಡೀರಿ ಮಾವ, ನಾನೂ ಬರ್ತೀನಿ," ಎಂದಳು. "ಮಳೆಗೆ ಮುಂಚೆ ತಂದುಬಿಡೋಣ. ಎಲ್ಲಿವೆ ಅಂತ ನಾನು ಹೇಳ್ತೀನಿ, ನೀವು ನಾಯಿ ಬಿಡಿ." ಹೆಸ್ಟರ್‌ಗೆ ಶಿಳ್ಳೆ ಕಲಿಸಿದವನೇ ಅವನು. ಹಲ್ಲು ಬಿದ್ದ ಸಂದಿಯಲ್ಲಿ ಗಾಳಿ ಪುಸ್ಸೆಂದು ಹೋಗಿ ಅವಳು ಅತ್ತದ್ದು, ಹೊಸ ಹಲ್ಲು ಬಂದ ದಿನ ಓಡಿಬಂದು ಶಿಳ್ಳೆ ಹೊಡೆದು ತೋರಿಸಿದ್ದು. ಕುರಿ ಈಯುವ ಕಾಲದಲ್ಲಿ ಬೆಸ್‌ನ ಜೊತೆ ಅವಳೂ ಒಂದೆರಡು ದಿನ ಕೆಲಸ ಮಾಡಿದ್ದಳು. ಸರಿ ಎಂದ. ಇಬ್ಬರು ಒಂದೇ ಸಾಲಿನಲ್ಲಿ. ಇದೂ ನಡೆಯುತ್ತದೆ ಎಂದುಕೊಂಡ. ಹತ್ತುವಾಗ ಬೂಟು ಕಚ್ಚಿದ್ದು ಕೂಡ ಅವನಿಗೆ ಅಷ್ಟಾಗಿ ತಿಳಿಯಲಿಲ್ಲ.

ಮೋಡ ಚದುರಿತ್ತು. "ಬೆಟ್ಟ ಎಲ್ಲಾ ಕಾಣ್ತಿದೆ ಮಾವ," ಎಂದಳು ಹೆಸ್ಟರ್. "ಗೇಬಲ್ ಮೇಲೆ ಬಿಸಿಲು." ಅವನು ಹೂಂ ಎಂದ. ಅವಳು ಒಂದು ಕಡೆ ನಿಂತು ಅವನ ತೋಳು ಮುಟ್ಟಿದಳು. "ಅಲ್ಲಿವೆ. ಬಿದ್ದ ಗೋಡೆ ಮೇಲ್ಗಡೆ, ಬಲಕ್ಕೆ. ಎಲ್ಲಾ ಒಟ್ಟಿಗೇ ಮೇಯ್ತಿವೆ. ನಿಜವಾದ ಕುರಿ," ಎಂದು ಸೇರಿಸಿದಳು, ಮೆಲ್ಲಗೆ ನಗುತ್ತ. ಅವನೂ ನಕ್ಕ. ಬೆರಳು ಬಾಯಿಗಿಟ್ಟು, ಬಲಕ್ಕೆ ಸುತ್ತುವ ಶಿಳ್ಳೆಯನ್ನು, ಉದ್ದಕ್ಕೆ, ತಪ್ಪಿಲ್ಲದೆ ಹೊಡೆದ.

ಮೊಣಕಾಲಿನ ಬಳಿಯ ಬಿಸುಪು ಹಾಗೇ ಇತ್ತು. ನಾಯಿ ಅವನ ಕಾಲಿಗೆ ಒತ್ತಿಕೊಂಡು ನಿಂತಿತ್ತು. ಅದರ ಮೈ ಸಣ್ಣಗೆ ನಡುಗುವುದು ಬಟ್ಟೆಯೊಳಗಿಂದ ತಿಳಿಯುತ್ತಿತ್ತು. ಅವನು ಮತ್ತೆ ಶಿಳ್ಳೆ ಹೊಡೆದ. ಆಮೇಲೆ ಹೆಸರು ಹಿಡಿದು ಕರೆದ, ಮೆತ್ತಗೆ.

"ಏನ್ ಮಾಡ್ತಿದೆ?"

ಹೆಸ್ಟರ್ ಹೇಳಲಿಲ್ಲ.

"ಹೇಳೇ."

"ನಿಮ್ಮ ಮುಖಾನೇ ನೋಡ್ತಿದೆ ಮಾವ."

ಕುರಿಗಳು ಅಲ್ಲಿಯೇ ಇದ್ದವು, ನಾಯಿಗೂ ಅವು ಕಾಣುತ್ತಿದ್ದವು. ಹೋಗಲು ಅದಕ್ಕೆ ಎಷ್ಟು ಆಸೆಯಿದೆಯೆಂದು ಆ ನಡುಕವೇ ಹೇಳುತ್ತಿತ್ತು. ಕುರಿ ಕಂಡರೆ ಸಾಲದು, ಕಳಿಸುವವನಿಗೂ ಕಂಡಿದೆ ಎಂದು ಅದಕ್ಕೆ ಗೊತ್ತಾಗಬೇಕು. ಅದನ್ನು ದಬಾಯಿಸಬಹುದಿತ್ತು. ದಬಾಯಿಸಿದರೆ ಹೋಗುತ್ತಿತ್ತು, ಬೆಳಿಗ್ಗೆಯ ಹಾಗೆ ತಲೆ ತಗ್ಗಿಸಿ. ಲ್ಯಾಂಟಿ ಬಗ್ಗಿ ಅದರ ಕಿವಿಯ ಹಿಂದಿನ ಒಣಗಿದ ಕೆಸರನ್ನು ಉಗುರಿನಿಂದ ಕೆರೆದು ತೆಗೆದ. "ನೀನು ಹೊಡಿ," ಎಂದ.

"ಬೇಡ ಮಾವ. ಇನ್ನೊಂದ್ಸಲ ನೋಡಿ."

"ಹೊಡಿ ಅಂದೆ."

ಹೆಸ್ಟರ್ ಶಿಳ್ಳೆ ಹೊಡೆದಳು. ಅದು ಅವನದೇ ಶಿಳ್ಳೆ, ಕೊನೆಯಲ್ಲಿ ಮೇಲಕ್ಕೆ ಹೊರಳುವ ಅವನಪ್ಪನ ತಿರುವಿನ ಸಮೇತ. ಮೊಣಕಾಲಿನ ಬಿಸುಪು ಹೋಯಿತು. ಆ ಜಾಗಕ್ಕೆ ತಣ್ಣನೆ ಗಾಳಿ ಬಂತು. ಅವನು ಕೋಲೂರಿ ಕೇಳಿಸಿಕೊಳ್ಳುತ್ತ ನಿಂತ: ನಾಯಿಯ ಪಾದ ನೀರಿನಲ್ಲಿ ದೂರವಾಗುವುದು, ಬಹಳ ಹೊತ್ತಿನ ನಿಶ್ಶಬ್ದ, ಆಮೇಲೆ ಒಂದು ಕುರಿ ಕೆಮ್ಮಿದ್ದು, ಮರಿಗಳು ಕೂಗಿದ್ದು, ಕೊನೆಗೆ ಇಳಿಜಾರಿನುದ್ದಕ್ಕೂ ಗೊರಸಿನ ಸದ್ದು. ಹೆಸ್ಟರ್ ಮುಂದೆ ಹೋಗಿದ್ದಳು. ಅವಳ ದನಿ ಒಮ್ಮೆ ನಾಯಿಯನ್ನು ತಡೆಯಿತು, ಒಮ್ಮೆ ಬಿಟ್ಟಿತು, ಎಲ್ಲ ಸರಿಯಾದ ಹೊತ್ತಿಗೆ. "ಬರ್ತಿವೆ ಮಾವ!" ಎಂದು ಕೂಗಿದಳು. "ನೀವಿರೋ ಕಡೆಗೇ ಬರ್ತಿವೆ!" ಅವನು ನಿಂತದ್ದು ಆ ಜೌಗಿನಲ್ಲಿ ಕುರಿ ದಾಟಲು ಇರುವ ಒಂದೇ ಒಂದು ಗಟ್ಟಿನೆಲದ ಮೇಲೆ, ಅಂಗಾಲಿಗೆ ಅದು ತಿಳಿಯುತ್ತಿತ್ತು. ಎದುರಿಗೆ ಮನುಷ್ಯ ಕಂಡರೆ ಅವು ಹೆದರಿ ಹಿಂದಕ್ಕೆ ತಿರುಗುತ್ತವೆ. ಲ್ಯಾಂಟಿ ದಾರಿ ಬಿಟ್ಟು, ಪಾಚಿಯೊಳಕ್ಕೆ ಇಳಿದು, ಮಂಡಿಯವರೆಗೆ ಹೂತು, ಅಲ್ಲಾಡದೆ ನಿಂತುಕೊಂಡ.